ಪರದೆ ಕಪ್ಪಾದರೆ ಉತಾರ ಅಳಿಸಿಹೋಗದು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರ ಆಗಸ್ಟ್‌ವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಹೊಸ ಹಾವೇರಿ ಜಿಲ್ಲೆ ಬಂದ ಕೆಲವೇ ವರ್ಷಗಳಲ್ಲಿ ಇಲ್ಲಿನ ರೈತರಿಗೆ ಮತ್ತೊಂದು ಹೊಸತು ಎದುರಾಯಿತು: ತಹಶೀಲ್ದಾರ ಕಚೇರಿಯ ಕಂಪ್ಯೂಟರ್ ಪರದೆ. ಅದಕ್ಕೂ ಮುನ್ನ ಹೊಲದ ಉತಾರ ಬೇಕಾದವರು ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ದಪ್ತರ ಇರುತ್ತಿದ್ದುದು ಅವರ ಬಳಿ. ಅದರಲ್ಲಿ ಏನು ಬರೆದಿದೆ ಎಂಬುದು ರೈತನಿಗೆ ಸುಲಭವಾಗಿ ಕಾಣುತ್ತಿರಲಿಲ್ಲ.

'ಭೂಮಿ' ಯೋಜನೆ ಈ ಪದ್ಧತಿಯನ್ನು ಬದಲಿಸಿತು. 2002ರ ಹೊತ್ತಿಗೆ ಅದು ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಜಾರಿಗೆ ಬಂದು, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಗಣಕಯಂತ್ರಕ್ಕೆ ಇಳಿದಿದ್ದವು. ಒಂದು ಉತಾರಕ್ಕೆ ಆಗಿನ ಶುಲ್ಕ 15 ರೂಪಾಯಿ. ಭೂಮಿ ಕೇಂದ್ರದ ಒಂದು ಏರ್ಪಾಡು ಗಮನಿಸತಕ್ಕದ್ದು. ನೌಕರನ ಮುಂದಿನ ಪರದೆಯಲ್ಲದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯನ್ನೂ ಇಡುವ ವ್ಯವಸ್ಥೆ ಅದರಲ್ಲಿತ್ತು. ತನ್ನ ಹೊಲದ ಲೆಕ್ಕದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಆತ ಕಣ್ಣಾರೆ ನೋಡಲಿ ಎಂಬುದೇ ಉದ್ದೇಶ.

ಹೀಗಿರುವಾಗ ಪರದೆ ಪದೇ ಪದೇ ಕಪ್ಪಾದರೆ ಕೆಲಸ ನಿಲ್ಲುವುದಷ್ಟೇ ಅಲ್ಲ, ದಾಖಲೆಯೇ ಹೋಯಿತೇನೋ ಎಂಬ ದಿಗಿಲೂ ಹುಟ್ಟುತ್ತದೆ. ಆದರೆ ದಾಖಲೆ ಇರುವುದು ಪರದೆಯಲ್ಲಲ್ಲ, ಗಣಕದ ಡಿಸ್ಕಿನಲ್ಲಿ. ಪರದೆ ಅದನ್ನು ತೋರಿಸುತ್ತದೆ, ಅಷ್ಟೆ. ಹಾಗಾದರೆ ಅದು ಕಪ್ಪಾಗುವುದೇಕೆ? ಉತ್ತರ ಕಾಲಕಾಲಕ್ಕೆ ಬದಲಾಗಿದೆ.

1897ರಲ್ಲಿ ಜರ್ಮನಿಯ ವಿಜ್ಞಾನಿ ಬ್ರೌನ್ ರೂಪಿಸಿದ ಗಾಜಿನ ಕೊಳವೆಯೇ ಹಳೆಯ ದಪ್ಪ ಮಾನಿಟರಿನ ಮೂಲಪುರುಷ. ಅದರೊಳಗೆ ಎಲೆಕ್ಟ್ರಾನುಗಳ ಧಾರೆ ಲೇಪನಕ್ಕೆ ಬಡಿದು ಬೆಳಕು ಮೂಡುತ್ತದೆ. ಬಣ್ಣದ ಮಾನಿಟರಿನಲ್ಲಿ ಇದಕ್ಕೆ 20 ಸಾವಿರ ವೋಲ್ಟಿಗೂ ಹೆಚ್ಚಿನ ಒತ್ತಡ ಬೇಕು. ಅದನ್ನು ಒದಗಿಸುವ ಭಾಗ ಕೆಟ್ಟರೆ, ಬೆಸುಗೆ ಬಿರುಕು ಬಿಟ್ಟರೆ ಕತ್ತಲೆ. ಪ್ಲಗ್ ಕಿತ್ತ ಮೇಲೂ ಒಳಗೆ ವಿದ್ಯುತ್ತು ಉಳಿದಿರುವುದುಂಟು. ಆದ್ದರಿಂದ ಇದನ್ನು ಮನೆಯಲ್ಲಿ ಬಿಚ್ಚಬಾರದು.

1993ರಲ್ಲಿ ಇನ್ನೊಂದು ಕಾರಣ ಸೇರಿಕೊಂಡಿತು. ವಿದ್ಯುತ್ ಉಳಿಸಲೆಂದು, ಕೆಲಸವಿಲ್ಲದಾಗ ಗಣಕವೇ ಮಾನಿಟರನ್ನು ಮಲಗಿಸುವ ಸಂಕೇತ ಪದ್ಧತಿ ರೂಪುಗೊಂಡಿತು. ಅಂದರೆ ಕಪ್ಪು ಪರದೆಯೆಲ್ಲ ರೋಗವಲ್ಲ. ಕೆಲವು ಬರೀ ನಿದ್ದೆ. ಕೇಬಲ್ ಸಡಿಲವಾಗಿ ಸಂಕೇತ ತಪ್ಪಿದರೂ ಮಾನಿಟರ್ ಹೀಗೆಯೇ ಮಲಗುತ್ತದೆ.

ಮುಂದೆ ತೆಳ್ಳನೆಯ ಎಲ್‌ಸಿಡಿ ಬಂದಿತು. ಅದಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಮೊದಮೊದಲು ಸಣ್ಣ ಟ್ಯೂಬ್‌ಲೈಟು, ಈಗ ಎಲ್‌ಇಡಿ ಬೆಳಗುತ್ತದೆ. ಈ ಹಿಂಬೆಳಕು ಹೋದರೆ ಚಿತ್ರವಿದ್ದರೂ ಕಾಣದು. ಕತ್ತಲಾದ ಪರದೆಗೆ ಓರೆಯಾಗಿ ಬ್ಯಾಟರಿ ಬೆಳಕು ಬಿಟ್ಟು ನೋಡಿ: ಅಕ್ಷರಗಳು ಮಸುಕಾಗಿ ಕಂಡರೆ ದೋಷ ಹಿಂಬೆಳಕಿನದು. ಪರದೆ ಹತ್ತಿ, ಎರಡು ಮೂರು ಸೆಕೆಂಡಿನಲ್ಲಿ ಆರಿದರೂ ಮೊದಲ ಅನುಮಾನ ಅದರ ಮೇಲೆಯೇ. 2000ದ ದಶಕದ ಆರಂಭದಲ್ಲಿ ಕಳಪೆ ಕೆಪಾಸಿಟರುಗಳು ಜಗತ್ತಿನ ನಾನಾ ಕಡೆ ಮಾನಿಟರುಗಳನ್ನು ಕೆಡಿಸಿದವು. ಉಬ್ಬಿದ ತಲೆಯೇ ಅವುಗಳ ಗುರುತು.

ಆದ್ದರಿಂದ ಪರೀಕ್ಷೆ ಹೊರಗಿನಿಂದ ಒಳಕ್ಕೆ ಸಾಗಬೇಕು. ಮಾನಿಟರಿನ ಪುಟ್ಟ ದೀಪ ಪೂರ್ತಿ ಆರಿದ್ದರೆ ಪ್ಲಗ್ಗು, ವಯರು, ಯುಪಿಎಸ್ ನೋಡಬೇಕು. ಮಳೆಗಾಲದಲ್ಲಿ ಕರೆಂಟಿನ ಏರಿಳಿತವನ್ನೂ ಮರೆಯುವಂತಿಲ್ಲ. ದೀಪ ಮಿನುಗುತ್ತಿದ್ದರೆ ಒಂದು ಕೀಲಿ ಒತ್ತಿ ಎಬ್ಬಿಸಿ, ಆಮೇಲೆ ಕೇಬಲಿನ ಎರಡೂ ತುದಿ ಬಿಗಿ ಮಾಡಬೇಕು. ಅಷ್ಟಕ್ಕೂ ಸರಿಹೋಗದಿದ್ದರೆ ಬೇರೊಂದು ಮಾನಿಟರ್ ಜೋಡಿಸುವುದು ಮೇಲು. ಅದರಲ್ಲಿ ಚಿತ್ರ ಮೂಡಿದರೆ ಗಣಕ ನಿರಪರಾಧಿ. ಅದೂ ಕಪ್ಪಾದರೆ ತಪ್ಪು ಗಣಕದ್ದು ಅಥವಾ ಕೇಬಲಿನದು.

ಎರಡು ಪರದೆಗಳಿರುವ ಕಚೇರಿಯಲ್ಲಿ ಈ ಪರೀಕ್ಷೆಗೆ ಹೊಸ ಸಾಮಾನೇನೂ ಬೇಡ, ಎರಡನ್ನೂ ಅದಲುಬದಲು ಮಾಡಿದರಾಯಿತು. ಆದರೆ ರೈತನ ಕಡೆಯ ಪರದೆಯೇ ಕೆಟ್ಟಿದ್ದರೆ, ನೌಕರನ ಕೆಲಸ ನಿಲ್ಲುವುದಿಲ್ಲ, ಉತಾರವೂ ಸಿಗುತ್ತದೆ. ಹೀಗಾಗಿ ಅದರ ದುರಸ್ತಿಗೆ ಯಾರಿಗೂ ಅವಸರವಿರುವುದಿಲ್ಲ. ಕೇಳಬೇಕಾದವನು ರೈತನೇ.