ಸಾಲೋಟಗಿಯ 27 ಮನೆಗಳು: ವಿದ್ಯಾರ್ಥಿ ವಸತಿಯ ಇತಿಹಾಸದಲ್ಲಿ ಒಂದು ತಪ್ಪು ಲೆಕ್ಕ

ವಿದ್ಯಾರ್ಥಿಗಳ ವಾಸಕ್ಕೆಂದು ಬಿಟ್ಟ ದತ್ತಿಗಳ ಚರಿತ್ರೆಯಲ್ಲಿ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನಕ್ಕೆ ದೊಡ್ಡ ಸ್ಥಾನವಿದೆ. ಕಾಲ ಶಕ 867, ಅಂದರೆ ಕ್ರಿ.ಶ. 945. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ನಾನಾ ಜನಪದಗಳ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ಶಾಲೆಗೆ 500 ನಿವರ್ತನ ಭೂಮಿ, 27 ವಾಸದ ಮನೆಗಳು, ದೀಪಕ್ಕೆ 12 ನಿವರ್ತನ, ಅಧ್ಯಾಪಕನಿಗೆ 50 ನಿವರ್ತನ ದತ್ತಿಯಾಗಿ ಬಂದವು. ಕೀಲ್‌ಹಾರ್ನ್ ಈ ಶಾಸನವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಮುಂದೆ ಇದನ್ನು ಶಿಕ್ಷಣದ ಇತಿಹಾಸಕ್ಕೆ ತಂದು ಎಲ್ಲರ ಬಾಯಲ್ಲಿ ನಿಲ್ಲಿಸಿದವರು ಎ.ಎಸ್. ಅಳತೇಕರ್. ತಪ್ಪು ಲೆಕ್ಕವೂ ಅವರಿಂದಲೇ ಶುರುವಾಯಿತು.

ಅಳತೇಕರ್ 27 ಮನೆಗಳನ್ನು 27 ವಿದ್ಯಾರ್ಥಿನಿಲಯಗಳೆಂದು ಓದಿದರು. ಒಂದು ನಿವರ್ತನವನ್ನು ಐದು ಎಕರೆಗೆ ಸಮವೆಂದು ಹಿಡಿದು, ದೀಪಕ್ಕೇ 60 ಎಕರೆ ಬೇಕಾಗಿದ್ದರೆ ವಿದ್ಯಾರ್ಥಿಗಳು ಸುಮಾರು 200 ಮಂದಿ ಇದ್ದಿರಬೇಕೆಂದು ಊಹಿಸಿದರು. ಊಹೆಯನ್ನು ಊಹೆಯೆಂದೇ ಬರೆದದ್ದು ಅವರ ಸೌಜನ್ಯ. ಅವರನ್ನು ಅನುಸರಿಸಿದ ಪಠ್ಯಪುಸ್ತಕಗಳಲ್ಲಿ ಮಾತ್ರ ‘ಇರಬೇಕು’ ಎಂಬುದು ಬಿದ್ದುಹೋಗಿ ‘ಇದ್ದರು’ ಉಳಿಯಿತು.

ಅವರದೇ ಅಂಕಿಗಳನ್ನು ಒಪ್ಪಿದರೂ ತೀರ್ಮಾನ ನಿಲ್ಲುವುದಿಲ್ಲ. 200 ಜನರನ್ನು 27 ಮನೆಗಳಿಗೆ ಹಂಚಿದರೆ ಮನೆಯೊಂದಕ್ಕೆ ಏಳೆಂಟು ಮಂದಿ. ಏಳೆಂಟು ಹುಡುಗರಿರುವುದು ಮನೆ, ಅದು ನಿಲಯವಲ್ಲ. ಶಾಸನ ಹೇಳುವುದೂ ಮನೆಯನ್ನೇ. ನಿವರ್ತನದ ಅಳತೆಯಂತೂ ಪ್ರದೇಶದಿಂದ ಪ್ರದೇಶಕ್ಕೆ, ಕೋಲಿನಿಂದ ಕೋಲಿಗೆ ಬದಲಾಗುತ್ತಿತ್ತು. ಐದು ಎಕರೆಯೆಂಬ ಒಂದೇ ಲೆಕ್ಕವನ್ನು ಎಲ್ಲ ಕಡೆಗೂ ಹಚ್ಚಿದರೆ 60 ಎಕರೆಯ ಆಧಾರವೇ ಸಡಿಲವಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ದೀಪದ್ದು. ಸಾಲೋಟಗಿಯ ಶಾಲೆ ತ್ರೈಪುರುಷ (ಬ್ರಹ್ಮ, ವಿಷ್ಣು, ಶಿವ) ದೇವರೊಂದಿಗೆ ಸೇರಿಕೊಂಡ ಸ್ಥಾನ. ದೀಪಕ್ಕೆ ಬಿಟ್ಟ ಭೂಮಿಯ ಎಣ್ಣೆಯೆಲ್ಲ ಓದುವ ಹುಡುಗರ ಮುಂದೆಯೇ ಉರಿಯಿತು ಎನ್ನುವುದಕ್ಕೆ ಆಧಾರವಿಲ್ಲ. ದೇವರ ಮುಂದಿನ ದೀಪಕ್ಕೂ ಅದರಲ್ಲಿ ಪಾಲಿದ್ದಿರಬಹುದು.

ವಿದ್ಯಾರ್ಥಿಗಳನ್ನು ಎಣಿಸಬೇಕೆಂದಾಗ ಶಾಸನಗಳು ಎಣಿಸಿಯೇ ಬರೆಯುತ್ತವೆ. 1058ರ ನಾಗಾವಿಯ ಶಾಸನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ 200 ವೇದ ವಿದ್ಯಾರ್ಥಿಗಳನ್ನೂ 52 ಶಾಸ್ತ್ರ ವಿದ್ಯಾರ್ಥಿಗಳನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಪುಸ್ತಕ ಕಾಯುವ ಆರು ಸರಸ್ವತೀ ಭಂಡಾರಿಗರನ್ನೂ ಬಿಡುವುದಿಲ್ಲ. ತಮಿಳು ನಾಡಿನ ಎಣ್ಣಾಯಿರಂನಲ್ಲಿ 340 ವಿದ್ಯಾರ್ಥಿಗಳಿಗೆ ದಿನಕ್ಕೆ ತಲೆಗಿಷ್ಟು ಎಂದು ಭತ್ತ ಅಳೆದಿದೆ. 1067ರ ತಿರುಮುಕ್ಕೂಡಲ್ ಶಾಸನದಲ್ಲಿ 60 ವಿದ್ಯಾರ್ಥಿಗಳ ನಿಲಯಕ್ಕೆ ರಾತ್ರಿ ದೀಪದ ಎಣ್ಣೆ ಬೇರೆ, ಶನಿವಾರದ ಅಭ್ಯಂಜನದ ಎಣ್ಣೆ ಬೇರೆ. ಇಷ್ಟು ಬಿಗಿಯಾಗಿ ಲೆಕ್ಕ ಬರೆಯಬಲ್ಲ ಪರಂಪರೆಯಲ್ಲಿ ಸಾಲೋಟಗಿ ತಲೆ ಎಣಿಸದೆ ಬಿಟ್ಟಿದೆಯೆಂದರೆ ಆ ಮೌನಕ್ಕೆ ಮರ್ಯಾದೆ ಕೊಡಬೇಕಾದದ್ದು ಸಂಶೋಧಕನ ಕರ್ತವ್ಯ.

ಈ 200ರ ಗದ್ದಲದಲ್ಲಿ ಶಾಸನದ ನಿಜವಾದ ಹೆಚ್ಚುಗಾರಿಕೆ ಮರೆಯಾಯಿತು. ಕಟ್ಟಡ ಮಂತ್ರಿಯದು, ಅದನ್ನು ನಡೆಸುವ ಹೊಣೆ ಊರಿನದು. ಊರಿನವರು ಮದುವೆಗೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯ ಶಾಲೆಗೆ ಕೊಡಬೇಕೆಂದು ಕಟ್ಟಳೆಯಾಯಿತು. ಮಳೆ ತಪ್ಪಿದ ವರ್ಷ ಭೂಮಿ ಕೈಕೊಡಬಹುದು. ಊರೆಂದ ಮೇಲೆ ಮದುವೆ, ಮುಂಜಿ, ಜವಳ ತಪ್ಪುವುದಿಲ್ಲ. ಒಮ್ಮೆ ಕೊಟ್ಟು ಮುಗಿಯುವ ಹಣವನ್ನೂ ವರ್ಷವರ್ಷ ಬರಬೇಕಾದ ಹಣವನ್ನೂ ಬೇರೆಬೇರೆ ಮೂಲಗಳಿಗೆ ಒಪ್ಪಿಸಿದ ಯೋಜನೆ ಇದು. (ಈ ಆದಾಯ ಅಗ್ರಹಾರದ ಬ್ರಾಹ್ಮಣ ಮನೆಗಳಿಂದ ಬರುತ್ತಿದ್ದದ್ದು, ಶಾಲೆಯ ಬಾಗಿಲೂ ಎಲ್ಲರಿಗೆ ತೆರೆದಿರಲಿಲ್ಲ. ಪ್ರಾಚೀನ ವಿದ್ಯಾಕೇಂದ್ರಗಳನ್ನು ಹೊಗಳುವ ಬರಹಗಳು ಈ ಮಾತನ್ನು ನುಂಗಿಕೊಳ್ಳುವುದು ಸರಿಯಲ್ಲ.)

ಕಟ್ಟಡ ಎದ್ದ ಮೇಲೆ ಅದನ್ನು ವರ್ಷವರ್ಷ ನಡೆಸುವ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಇಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿಯೂ ಇದೆ. 1991ರಲ್ಲಿ ಸ್ಥಾಪನೆಯಾದ, ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿ ಕಟ್ಟಿದ ಈ ಸಂಸ್ಥೆಯ ವಿದ್ಯಾರಣ್ಯ ಆವರಣ ಇರುವುದು ಕಮಲಾಪುರದ ಬಳಿ, ಹೊಸಪೇಟೆ ಪೇಟೆಯಿಂದ ದೂರ. ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ದಿನವೂ ಬಸ್ಸಿಗೆ ಕಾಯುತ್ತ ತಾಳೆಗರಿ, ಶಾಸನಗಳ ಕೆಲಸ ಮಾಡುವುದು ಕಷ್ಟ. ಸಂಶೋಧನೆಗೇ ಮೀಸಲಾಗಿ ಹುಟ್ಟಿದ ಇದರ ಅಡಿಯಲ್ಲಿ ಪದವಿ ಕಾಲೇಜುಗಳಿಲ್ಲ. ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕಗಳ ದೊಡ್ಡ ಆದಾಯ ಇಲ್ಲದ ಕಾರಣ ಊಟ, ವಿದ್ಯುತ್ತು, ಶಿಷ್ಯವೇತನ ಎಲ್ಲಕ್ಕೂ ಸರ್ಕಾರದ ಅನುದಾನವನ್ನೇ ನೋಡಬೇಕು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಕಾಲೇಜುಗಳ ಆಸರೆಯಿದೆ.  ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಸರ್ಕಾರ 2013–14ರಲ್ಲಿ ತಂದ ವಿದ್ಯಾಸಿರಿ ಯೋಜನೆ ನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಟ್ಟಿತು. ಕಟ್ಟಡವಿಲ್ಲದಿದ್ದರೂ ನಡೆಸುವ ಹಣವನ್ನು ವಿದ್ಯಾರ್ಥಿಯ ಕೈಗೇ ಮುಟ್ಟಿಸಿದ ಕ್ರಮ ಅದು. ಕಂಪ್ಲಿಯಿಂದಲೋ ಸಂಡೂರಿನಿಂದಲೋ ಹೊಸಪೇಟೆಗೆ ಓದಲು ಬರುವ ಬಡ ಹುಡುಗಿಗೆ ಅದರ ಬೆಲೆ ಗೊತ್ತು. ಆದರೆ ಸಂಶೋಧನೆಗೆ ವರ್ಷಕ್ಕೆ ಹತ್ತು ತಿಂಗಳೆಂಬ ಲೆಕ್ಕವಿಲ್ಲ. ರಜೆಯಲ್ಲೂ ಹಸ್ತಪ್ರತಿ ಓದಬೇಕು, ರಜೆಯಲ್ಲೂ ಅಡುಗೆಮನೆ ನಡೆಯಬೇಕು.

ಸಾಲೋಟಗಿಯಿಂದ ಇಂದಿಗೂ ಕಲಿಯಬೇಕಾದದ್ದು ತಲೆಯೆಣಿಕೆಯನ್ನಲ್ಲ, ವರ್ಷವರ್ಷ ನಡೆಸುವ ಹಣದ ಏರ್ಪಾಡನ್ನು. ಆದುದರಿಂದ ಪಠ್ಯಪುಸ್ತಕಗಳು ಸಾಲೋಟಗಿಯ ‘200 ವಿದ್ಯಾರ್ಥಿಗಳು, 27 ವಿದ್ಯಾರ್ಥಿನಿಲಯಗಳು’ ಎಂಬ ಸಾಲನ್ನು ತೆಗೆದುಹಾಕಿ, ಮದುವೆಯ 5 ನಾಣ್ಯದ ಕಟ್ಟಳೆಯನ್ನು ಅಲ್ಲಿ ಸೇರಿಸಬೇಕು.