ಐತಿಹಾಸಿಕವೆಂದರೆ ಹಿಸ್ಟಾರಿಕ್ಕೋ, ಹಿಸ್ಟಾರಿಕಲ್ಲೋ?

ಹೊರನಾಡಿನ ನಮ್ಮ ಸಂಘಗಳ ಆಮಂತ್ರಣ, ವಾರ್ಷಿಕ ವರದಿ, ಸ್ಮರಣ ಸಂಚಿಕೆಗಳಲ್ಲಿ ಕನ್ನಡದೊಡನೆ ಇಂಗ್ಲಿಷಿಗೂ ಸ್ಥಾನವುಂಟು. ಅಲ್ಲಿ ನಾವು ಎಡವುವುದು ಕಠಿಣ ಪದಗಳಲ್ಲಲ್ಲ, ಅವಳಿಗಳಂತೆ ತೋರುವ ವಿಶೇಷಣಗಳಲ್ಲಿ. ಕನ್ನಡದ ಒಂದೇ ಪದಕ್ಕೆ ಅಲ್ಲಿ ಎರಡು ಪದಗಳಿರುವುದು ಇದಕ್ಕೆ ಒಂದು ಮುಖ್ಯ ಕಾರಣ.

'ಐತಿಹಾಸಿಕ'ವನ್ನೇ ನೋಡೋಣ. ಇತಿಹಾಸದಲ್ಲಿ ಅಚ್ಚಳಿಯದೆ ಉಳಿಯುವ ಮಹತ್ವದ್ದು 'ಹಿಸ್ಟಾರಿಕ್'. ಇತಿಹಾಸಕ್ಕೆ ಸಂಬಂಧಿಸಿದ್ದು 'ಹಿಸ್ಟಾರಿಕಲ್'. ಕನ್ನಡನಾಡು ಏಕೀಕರಣಗೊಂಡ 1956ರ ನವೆಂಬರ್ 1 'ಹಿಸ್ಟಾರಿಕ್' ದಿನ. ಕೊಡಗಿನ ಕೊನೆಯ ಅರಸನ ಕಥೆಯಾದ ಮಾಸ್ತಿಯವರ 'ಚಿಕವೀರ ರಾಜೇಂದ್ರ' 'ಹಿಸ್ಟಾರಿಕಲ್' ಕಾದಂಬರಿ. ಸಂಘದ ಬೆಳ್ಳಿಹಬ್ಬವನ್ನು 'ಹಿಸ್ಟಾರಿಕಲ್' ಸಮಾರಂಭವೆಂದು ಅಚ್ಚುಹಾಕಿಸಿದರೆ, ಓದಿದವರು ವೇಷಭೂಷಣದ ನಾಟಕವನ್ನು ನಿರೀಕ್ಷಿಸಿಯಾರು!

'ಕ್ಲಾಸಿಕ್' ಮತ್ತು 'ಕ್ಲಾಸಿಕಲ್' ನಡುವಣ ಅಂತರ ನಮಗೆ ಇನ್ನೂ ಹತ್ತಿರದ್ದು. ಕೇಂದ್ರ ಸರಕಾರವು 2008ರ ಅಕ್ಟೋಬರ್ 31ರಂದು ಕನ್ನಡಕ್ಕೆ ನೀಡಿದ್ದು 'ಕ್ಲಾಸಿಕಲ್' ಭಾಷೆಯ ಸ್ಥಾನ. ಅಂದರೆ ಪ್ರಾಚೀನ ಸಾಹಿತ್ಯ ಪರಂಪರೆಯುಳ್ಳ ಶಾಸ್ತ್ರೀಯ ಭಾಷೆ. ಮುಂಬಯಿ, ಪುಣೆಗಳ ನೆರೆಹೊರೆಯ ಮರಾಠಿಗೆ 2024ರಲ್ಲಿ ದೊರೆತ 'ಅಭಿಜಾತ' ಸ್ಥಾನವೂ ಇದೇ. ತನ್ನ ಬಗೆಯಲ್ಲಿ ಶ್ರೇಷ್ಠವಾಗಿ, ಕಾಲ ಕಳೆದರೂ ಮಾಸದೆ ನಿಲ್ಲುವುದು 'ಕ್ಲಾಸಿಕ್'. ಆದುದರಿಂದ ಪಂಪಭಾರತವು 'ಕ್ಲಾಸಿಕಲ್' ಭಾಷೆಯೊಂದರ 'ಕ್ಲಾಸಿಕ್'. ಹಳೆಯ ಚಲನಚಿತ್ರವೊಂದು 'ಕ್ಲಾಸಿಕ್' ಆಗಬಲ್ಲುದು. ಹಿಂದೂಸ್ತಾನಿ ಸಂಗೀತ ಮಾತ್ರ ಎಂದಿಗೂ 'ಕ್ಲಾಸಿಕಲ್'.

'ಎಕನಾಮಿಕ್' ಎಂದರೆ ಆರ್ಥಿಕ, 'ಎಕನಾಮಿಕಲ್' ಎಂದರೆ ಮಿತವ್ಯಯದ. ದೇಶದ ನೀತಿ ಮೊದಲನೆಯದು, ಲೋಕಲ್ ರೈಲಿನ ಮಾಸಿಕ ಪಾಸು ಎರಡನೆಯದು. ಇಲ್ಲಿ ಕನ್ನಡವೇ ದಾರಿ ತೋರುವುದರಿಂದ ಗೊಂದಲ ಕಡಿಮೆ.

ನಿಜವಾದ ಅಪಾಯವಿರುವುದು ಒಂದಕ್ಷರದ 'ಎ'ಯಲ್ಲಿ. 'ಎ ಫ್ಯೂ' ಸದಸ್ಯರು ಬಂದಿದ್ದರೆಂದರೆ ಕೆಲವರಾದರೂ ಬಂದರೆಂಬ ಸಮಾಧಾನ. ಬರಿಯ 'ಫ್ಯೂ' ಎಂದರೆ ಬಂದವರೇ ವಿರಳವೆಂಬ ಕೊರಗು. ವರದಿಯಲ್ಲಿ ಆ 'ಎ' ಬಿಟ್ಟುಹೋದರೆ, ದುಡಿದ ಕಾರ್ಯಕರ್ತರನ್ನು ಶ್ಲಾಘಿಸಲು ಹೊರಟ ವಾಕ್ಯವೇ ಅವರನ್ನು ಆಕ್ಷೇಪಿಸಿದಂತಾಗುತ್ತದೆ. 'ಲಿಟ್ಲ್', 'ಎ ಲಿಟ್ಲ್'ಗಳ ಕಥೆಯೂ ಹೀಗೆಯೇ; ಅವು ಎಣಿಸಲಾಗದ ವಸ್ತುಗಳಿಗೆ ಎಂಬುದಷ್ಟೇ ವ್ಯತ್ಯಾಸ.

ಇನ್ನು ಭಾಷಣ ಸ್ಪರ್ಧೆಯ ತೀರ್ಪುಗಾರರು. ಅವರು 'ಡಿಸ್‌ಇಂಟರೆಸ್ಟೆಡ್' ಆಗಿರಬೇಕು, ಎಂದರೆ ಸ್ವಹಿತವಿಲ್ಲದ ನಿಷ್ಪಕ್ಷಪಾತಿಗಳು. 'ಅನ್‌ಇಂಟರೆಸ್ಟೆಡ್' ಆದರೆ ವೇದಿಕೆಯಲ್ಲೇ ಆಕಳಿಸಿಯಾರು. ಆದರೆ ಈಗ ಇಂಗ್ಲಿಷರೂ ಮೊದಲನೆಯ ಪದವನ್ನು ನಿರಾಸಕ್ತಿಯ ಅರ್ಥದಲ್ಲಿ ಧಾರಾಳವಾಗಿ ಬಳಸುತ್ತಾರೆ. ಆದ್ದರಿಂದ ತೀರ್ಪುಗಾರರಿಗೆ ಬರೆಯುವ ಪತ್ರದಲ್ಲಿ 'ಇಂಪಾರ್ಷಿಯಲ್' ಎಂದು ಬರೆಯುವುದೇ ಕ್ಷೇಮ.