ಕಾಲೇಜಿನ ಬಾಗಿಲಿಗೆ ಮೊದಲೇ ಒಮ್ಮೆ: ಆಟಿಸಂ, ಆತಂಕ ಮತ್ತು ಎಸ್ಸೆಸ್ಸೆಲ್ಸಿ ನಂತರದ ದಾರಿ

ಕರ್ನಾಟಕದ ಮಕ್ಕಳು ಹೆಚ್ಚುಕಡಿಮೆ 16ನೇ ವಯಸ್ಸಿಗೇ ‘ಕಾಲೇಜು’ ಸೇರುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ಪ್ರಥಮ ಪಿಯುಸಿ ತರಗತಿಗೂ ನಡುವೆ ಸಿಗುವುದು ಕೆಲವೇ ವಾರ. ಅವೂ ಅರ್ಜಿ, ಟಿಸಿ, ಶುಲ್ಕ, ಕಾಂಬಿನೇಷನ್ ಎಂಬ ಓಡಾಟದಲ್ಲಿ ಕಳೆದುಹೋಗುತ್ತವೆ. ಅಮೆರಿಕದಲ್ಲಿ 2004ರಲ್ಲಿ ತಿದ್ದುಪಡಿಯಾದ ವಿಶೇಷ ಶಿಕ್ಷಣ ಕಾನೂನಿನ ಪ್ರಕಾರ, ಶಾಲೆ ಮುಗಿದ ಮೇಲೆ ಮುಂದೇನು ಎಂಬ ಯೋಜನೆ ವಿದ್ಯಾರ್ಥಿಗೆ 16 ತುಂಬುವ ಹೊತ್ತಿಗೆ ಬರಹದಲ್ಲಿರಬೇಕು. ಅಲ್ಲಿ ಆ ಯೋಜನೆ ಕೈಗೆ ಬರುವ ವಯಸ್ಸಿಗೆ ಇಲ್ಲಿ ಶಾಲೆಯೇ ಬಿಟ್ಟುಹೋಗಿರುತ್ತದೆ. ಆಟಿಸಂ ಜೊತೆಗೆ ಆತಂಕವೂ ಇರುವ ಮಕ್ಕಳಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಈ ಆತಂಕವನ್ನು ಪುಕ್ಕಲುತನ ಎನ್ನಲಾಗದು. 1943ರಲ್ಲಿ ಆಟಿಸಂ ಇದ್ದ 11 ಮಕ್ಕಳನ್ನು ಕುರಿತು ಬರೆದ ಲೇಖನದಲ್ಲೇ ಮನೋವೈದ್ಯ ಲಿಯೋ ಕ್ಯಾನರ್, ಎಲ್ಲವೂ ಇದ್ದ ಹಾಗೆಯೇ ಇರಬೇಕೆಂಬ ಹಟವನ್ನೂ ಅದರ ಒಳಗಿದ್ದ ತಳಮಳವನ್ನೂ ಗುರುತಿಸಿದ್ದರು. ಫ್ರಾನ್ಸಿಸ್ಕಾ ವಾನ್ ಸ್ಟೀನ್ಸೆಲ್ ಮತ್ತು ಸಂಗಡಿಗರು 2011ರಲ್ಲಿ 31 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಟಿಸಂ ಇದ್ದ 2,121 ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 39.6ರಷ್ಟು ಮಂದಿಗೆ ಕನಿಷ್ಠ ಒಂದು ಬಗೆಯ ಆತಂಕದ ಕಾಯಿಲೆ ಕಂಡುಬಂತು. ಇಂಗ್ಲೆಂಡಿನಲ್ಲಿ ಜ್ಯಾಕಿ ರಾಜರ್ಸ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಇನ್ನೊಂದು ಎಳೆ ಹಿಡಿದರು: ಮುಂದೇನಾಗುತ್ತದೋ ತಿಳಿಯದ ಸ್ಥಿತಿಯನ್ನು ತಾಳಲಾಗದಿರುವುದು ಈ ಆತಂಕವನ್ನು ವಿವರಿಸಬಲ್ಲದು. ಪಾಠ ಕಷ್ಟವೆಂದು ಹೆದರುವ ಮಗುವಿಗೆ ಟ್ಯೂಷನ್ ಸಾಕಾದೀತು. ತಿಳಿಯದ್ದಕ್ಕೆ ಹೆದರುವ ಮಗುವಿಗೆ ತಿಳಿಸಿಕೊಡುವವರು ಬೇಕು.

ಏನು ತಿಳಿದಿರುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡಬೇಕು. ಹೈಸ್ಕೂಲಿನ ಮೂರು ವರ್ಷ ಒಂದೇ ಕೊಠಡಿ, ಹೆಚ್ಚುಕಡಿಮೆ ಅದೇ ಬೆಂಚು, ಮುಖ ನೋಡಿಯೇ ಏನೋ ಸರಿಯಿಲ್ಲವೆಂದು ಗುರುತಿಸುವ ಕ್ಲಾಸ್ ಟೀಚರ್. ಪಿಯುಸಿಯ ಮೊದಲ ವಾರದಲ್ಲಿ ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಭಾಷಾ ಪೀರಿಯಡ್ ಬಂತೆಂದರೆ ಕನ್ನಡದವರು ಒಂದು ಕಡೆ, ಹಿಂದಿ ಮತ್ತು ಸಂಸ್ಕೃತದವರು ಇನ್ನೊಂದು ಕಡೆ. ಲ್ಯಾಬ್ ಇರುವುದು ಬೇರೆ ಮಹಡಿಯಲ್ಲಿ. ಗಂಟೆ ಬಾರಿಸಿದ ಕೂಡಲೇ ನೂರಾರು ಮಂದಿ ಒಂದೇ ಮೆಟ್ಟಿಲಿಗೆ ನುಗ್ಗುತ್ತಾರೆ. ಸದ್ದು, ಬೆಳಕು, ಸ್ಪರ್ಶಗಳಿಗೆ ಮಿತಿಮೀರಿ ಸ್ಪಂದಿಸುವುದನ್ನು 2013ರ ರೋಗನಿರ್ಣಯ ಕೈಪಿಡಿ ಡಿಎಸ್ಎಂ-5 ಆಟಿಸಂನ ಲಕ್ಷಣಗಳಲ್ಲೇ ಸೇರಿಸಿದೆ ಎಂಬುದು ಇಲ್ಲಿ ನೆನಪಿರಲಿ. ಉಪನ್ಯಾಸಕರು ಬಾರದಿದ್ದರೆ ಫ್ರೀ ಪೀರಿಯಡ್. ಉಳಿದವರಿಗೆ ಅದು ಹಬ್ಬ. ಎಲ್ಲಿ ನಿಲ್ಲಬೇಕು, ಯಾರ ಜೊತೆ ಏನು ಮಾತನಾಡಬೇಕು ಎಂದು ಯಾರೂ ಹೇಳದ ಆ ಒಂದು ಗಂಟೆ ಆಟಿಸಂ ಇರುವ ಹುಡುಗನಿಗೆ ಇಡೀ ದಿನದ ಅತಿ ಕಷ್ಟದ ಹೊತ್ತು.

ಕಾನೂನು ಏನು ಹೇಳುತ್ತದೆ? ಭಾರತದ 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21ರಲ್ಲಿ ಇದೆ. ಅದರ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್, ದ್ವಿತೀಯ ಮತ್ತು ತೃತೀಯ ಭಾಷೆಯ ವಿನಾಯಿತಿಗಳನ್ನು ಹೆಸರಿಸುತ್ತದೆ. ತಂದೆತಾಯಂದಿರು ಕೇಳಿ ಪಡೆಯುವುದು ಇವನ್ನೇ. ಆದರೆ ಇವೆಲ್ಲ ಪಠ್ಯ ಮತ್ತು ಪರೀಕ್ಷೆಗೆ ಸಂಬಂಧಿಸಿದವು. ಮೆಟ್ಟಿಲು, ಕ್ಯಾಂಟೀನು, ಫ್ರೀ ಪೀರಿಯಡ್‌ಗಳಿಗೆ ಬೇಕಾದದ್ದು 16ನೇ ಸೆಕ್ಷನ್. ಅನುದಾನಿತ ಮತ್ತು ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಆಯಾ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವಂತೆ, ಓದಿನ ಜೊತೆ ಒಡನಾಟವೂ ಬೆಳೆಯುವಂಥ ಬೆಂಬಲ ನೀಡುವಂತೆ ಸರ್ಕಾರ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಇನ್ನು ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಆಟಿಸಂ ಮಾಪನದಲ್ಲಿ 40 ಅಂಶಗಳು, ಆರು ವಿಭಾಗಗಳಿವೆ. ಆತಂಕಕ್ಕೆಂದೇ ಒಂದು ವಿಭಾಗವಿಲ್ಲ. ಹಾಗಾಗಿ ‘ಸೌಮ್ಯ’ ಎಂದು ಬರೆದ ಪ್ರಮಾಣಪತ್ರ ಹಿಡಿದು ಬಂದ ಹುಡುಗಿ ರಾತ್ರಿಯೆಲ್ಲ ನಿದ್ದೆಗೆಟ್ಟಿರುವುದು ಆ ಕಾಗದದಿಂದ ತಿಳಿಯುವುದಿಲ್ಲ.

ಸ್ವತಃ ಆಟಿಸಂ ಇರುವ ಟೆಂಪಲ್ ಗ್ರ್ಯಾಂಡಿನ್ ತಮ್ಮ ಹದಿಹರೆಯವನ್ನು 1986ರ ‘ಎಮರ್ಜೆನ್ಸ್’ನಲ್ಲಿ ಬರೆದಿದ್ದಾರೆ. ಪ್ರತಿಯೊಬ್ಬರ ಮುಂದೆಯೂ ಒಂದು ಬಾಗಿಲಿದೆ ಎಂದು ಚರ್ಚಿನ ಪ್ರವಚನದಲ್ಲಿ ಕೇಳಿದ ಅವರು ಅದನ್ನು ಅಕ್ಷರಶಃ ನಂಬಿ ಹುಡುಕಹೊರಟರು. ಹಾಸ್ಟೆಲಿಗೆ ಹೊಸ ಭಾಗ ಕಟ್ಟುತ್ತಿದ್ದಾಗ ಏಣಿ ಹತ್ತಿ ನೋಡಿದರೆ, ಚಾವಣಿಗೆ ತೆರೆಯುವ ಪುಟ್ಟ ಮರದ ಬಾಗಿಲೊಂದು ಸಿಕ್ಕಿತು. ಚಿತ್ರಗಳಲ್ಲೇ ಯೋಚಿಸುವ ಅವರಿಗೆ ಶಾಲೆ ಮುಗಿಯುವುದು, ಕಾಲೇಜು ಎಂಬುದೆಲ್ಲ ಕಣ್ಣಿಗೆ ಕಟ್ಟದ ಮಾತುಗಳಾಗಿದ್ದವು. ಬಾಗಿಲು ದಾಟುವುದು ಮಾತ್ರ ಮಾಡಿ ನೋಡಬಹುದಾದ ಕೆಲಸ. ಕಾಲೇಜಿನಲ್ಲೂ ಅವರು ಮುಂದಿನ ಹಂತಕ್ಕೊಂದು ಬಾಗಿಲನ್ನು ಹುಡುಕಿಕೊಂಡರು. ಎಲ್ಲರಿಗೂ ಬಾಗಿಲೇ ಆಗಬೇಕಿಲ್ಲ. ಆದರೆ ಬದಲಾವಣೆಯನ್ನು ಕಾಲಿನಿಂದ ಅಭ್ಯಾಸ ಮಾಡಬಹುದು ಎಂಬ ಅವರ ಅನುಭವಕ್ಕೆ ಮೇ ತಿಂಗಳ ಖಾಲಿ ಕಾಲೇಜು ಕಟ್ಟಡಕ್ಕಿಂತ ಒಳ್ಳೆಯ ಜಾಗ ಸಿಗದು.

ಅಲ್ಲಿಗೆ ಮೂರು ನಾಲ್ಕು ಸಲ ಹೋಗಿಬರಬೇಕು: ಜೂನ್‌ನಲ್ಲಿ ಹತ್ತಲಿರುವ ಬಸ್ಸಿನಲ್ಲೇ, ಅದೇ ಹೊತ್ತಿಗೆ. ಗೇಟು, ಶೌಚಾಲಯ, ಲ್ಯಾಬಿನ ದಾರಿ, ಕುಡಿಯುವ ನೀರಿನ ಜಾಗಗಳ ಫೋಟೊ ಮೊಬೈಲಿನಲ್ಲಿರಲಿ. ದಿನಚರಿಯನ್ನು ಕಣ್ಣಿಗೆ ಕಾಣುವಂತೆ ಬರೆದಿಡುವ ಕ್ರಮವನ್ನು ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಅವರ ಟೀಚ್ ಕಾರ್ಯಕ್ರಮ 1970ರ ದಶಕದಿಂದ ಬೆಳೆಸಿತು. ಪಿಯು ವೇಳಾಪಟ್ಟಿಗೂ ಅದು ಚೆನ್ನಾಗಿ ಒಪ್ಪುತ್ತದೆ. ಊಟ, ನಿದ್ದೆ ಕೆಡುವಷ್ಟು ಆತಂಕವಿದ್ದರೆ ನಿಮ್ಹಾನ್ಸ್‌ನಂಥ ಕಡೆ ಮಕ್ಕಳ ಮನೋವೈದ್ಯರನ್ನು ಕಾಣುವುದನ್ನು ಮುಂದೂಡಬಾರದು. ಮನೆಯಲ್ಲೇ ಇರಲಿ ಬಿಡಿ ಎಂಬ ಪ್ರೀತಿ ಅರ್ಥವಾಗುವಂಥದ್ದೇ, ಆದರೆ ದೂರ ಉಳಿದಷ್ಟೂ ಭಯ ಬಲಿಯುತ್ತದೆ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ವಿರಳವಾದ ಕೆಲಸವೆಂದರೆ ಒಂದು ಪುಟದ ಪತ್ರ. ವಿದ್ಯಾರ್ಥಿಯ ಬಗ್ಗೆ ಶಾಲೆ ಹತ್ತು ವರ್ಷದಲ್ಲಿ ಕಲಿತದ್ದು ಟಿಸಿಯಲ್ಲಿ ಬರುವುದಿಲ್ಲ. ಆ ಪತ್ರವನ್ನು ಕ್ಲಾಸ್ ಟೀಚರ್ ವಿದ್ಯಾರ್ಥಿಯ ಜೊತೆ ಕೂತು ಬರೆಯಬೇಕು; ಯಾವ ಉಪನ್ಯಾಸಕರಿಗೆ ತೋರಿಸಬೇಕು, ಸಹಪಾಠಿಗಳಿಗೆ ಹೇಳಬೇಕೇ ಬೇಡವೇ ಎಂಬುದನ್ನು ಅವನೇ ತೀರ್ಮಾನಿಸಬೇಕು. ಪ್ರಾಂಶುಪಾಲರ ಕೊಠಡಿಯಲ್ಲಿ ಅಮ್ಮನೇ ಎಲ್ಲವನ್ನೂ ಮಾತನಾಡಿ ಮುಗಿಸುವ ಬದಲು ಅವನು ಈ ಪುಟವನ್ನು ಮೇಜಿನ ಮೇಲಿಟ್ಟರೂ ಸಾಕು. ಅದರಲ್ಲಿ ಇಂಥ ಸಾಲುಗಳಿರಲಿ: ಹೆಗಲು ಮುಟ್ಟಿ ಕರೆಯಬೇಡಿ. ಪರೀಕ್ಷೆಯ ದಿನಾಂಕ ಬದಲಾದರೆ ಬರೆದು ತಿಳಿಸಿ. ತಲೆ ತಗ್ಗಿಸಿ ಕೂತರೆ ಐದು ನಿಮಿಷ ಬಿಡಿ. ಫ್ರೀ ಪೀರಿಯಡ್‌ನಲ್ಲಿ ನಾನು ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನಲ್ಲಿರುತ್ತೇನೆ. ತರಗತಿಯ ನಡುವೆ ಎದ್ದು ಅಲ್ಲಿಗೆ ಹೋಗಬೇಕಾಗಿ ಬಂದ ದಿನ ಅವನನ್ನು ಗೈರುಹಾಜರೆಂದು ಬರೆಯದಂತೆ ಜೂನ್‌ಗೆ ಮೊದಲೇ ಪ್ರಾಂಶುಪಾಲರ ಸಹಿ ಪಡೆದಿರಬೇಕು, ಏಕೆಂದರೆ ವರ್ಷದ ಕೊನೆಗೆ ಶೇ. 75ರ ಹಾಜರಾತಿ ಲೆಕ್ಕ ಹಾಕುವಾಗ ಆ ಮೇಜಿನ ಕಾರಣವನ್ನು ಯಾರೂ ಕೇಳುವುದಿಲ್ಲ.